ಬೆಳವಣಿಗೆಯೇ ಮದ್ದು: ಸ್ಕೋಲಿಯೋಸಿಸ್ ಮತ್ತು ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆ

ಮಗಳ ಒಂದು ಭುಜ ಮೇಲೆದ್ದಿರುವುದನ್ನೋ ಬೆನ್ನಿನ ಒಂದು ಬದಿ ಉಬ್ಬಿರುವುದನ್ನೋ ಕಂಡು ವೈದ್ಯರಲ್ಲಿಗೆ ಬರುವ ತಂದೆತಾಯಿಗಳು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಬೆಲ್ಟು ಹಾಕಿದರೆ ಅಥವಾ ವ್ಯಾಯಾಮ ಮಾಡಿಸಿದರೆ ಬೆನ್ನು ನೆಟ್ಟಗಾಗುತ್ತದೆಯೇ ಎಂಬುದು. ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಏಕೆಂದರೆ ಚಿಕಿತ್ಸೆಯ ಫಲ ಬಾಗಿನ ಪ್ರಮಾಣವನ್ನು ಎಷ್ಟು ಅವಲಂಬಿಸಿದೆಯೋ ಮಗುವಿನಲ್ಲಿ ಇನ್ನೂ ಉಳಿದಿರುವ ಬೆಳವಣಿಗೆಯನ್ನೂ ಅಷ್ಟೇ ಅವಲಂಬಿಸಿದೆ.

ಬೆನ್ನುಮೂಳೆಯು ಪಕ್ಕಕ್ಕೆ 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಾಗಿ, ಅದರ ಬಿಡಿಮೂಳೆಗಳಾದ ಕಶೇರುಗಳು ತಿರುಚಿಕೊಂಡಿದ್ದರೆ ಆ ಸ್ಥಿತಿಗೆ ಸ್ಕೋಲಿಯೋಸಿಸ್ ಎಂದು ಹೆಸರು. ಎಕ್ಸ್-ರೇ ಚಿತ್ರದಲ್ಲಿ ಬಾಗಿನ ಎರಡು ತುದಿಗಳಲ್ಲಿ ಅತಿ ಓರೆಯಾಗಿರುವ ಕಶೇರುಗಳ ನಡುವಣ ಕೋನವನ್ನು ಅಳೆಯುವ ಕ್ರಮವನ್ನು ನ್ಯೂಯಾರ್ಕಿನ ಜಾನ್ ಕಾಬ್ 1948ರಲ್ಲಿ ವಿವರಿಸಿದ ಕಾರಣ, ಅದನ್ನು ಕಾಬ್ ಕೋನವೆಂದು ಕರೆಯುತ್ತಾರೆ. ಹದಿಹರೆಯದ ನೂರು ಮಕ್ಕಳಲ್ಲಿ ಎರಡು ಮೂರು ಮಂದಿಗೆ ಇದು ಇರುತ್ತದೆ; ಬಹುಪಾಲು ಪ್ರಕರಣಗಳಲ್ಲಿ ನಿಶ್ಚಿತ ಕಾರಣ ಸಿಗುವುದಿಲ್ಲ. ಶಾಲೆಯ ಚೀಲದ ಭಾರವಾಗಲಿ ಸೊಟ್ಟಗೆ ಕೂರುವ ಅಭ್ಯಾಸವಾಗಲಿ ಇದನ್ನು ಉಂಟುಮಾಡುತ್ತದೆಂಬುದಕ್ಕೆ ಆಧಾರವಿಲ್ಲ.

ತಿರುಚುವಿಕೆ ಕಣ್ಣನ್ನು ಎಷ್ಟು ಮೋಸಗೊಳಿಸಬಲ್ಲದೆಂಬುದನ್ನು ಒಂದು ಶವಪರೀಕ್ಷೆ ತೋರಿಸಿಕೊಟ್ಟಿತು. ಇಗ್ವಾನೊಡಾನ್ ಎಂಬ ಡೈನೊಸಾರನ್ನು ಜಗತ್ತಿಗೆ ಪರಿಚಯಿಸಿದ ಇಂಗ್ಲೆಂಡಿನ ವೈದ್ಯ, ಭೂವಿಜ್ಞಾನಿ ಗಿಡಿಯನ್ ಮ್ಯಾಂಟೆಲ್ ಅವರ ಬೆನ್ನಿನ ಕೆಳಭಾಗದ ಉಬ್ಬನ್ನು ಅವರು ಬದುಕಿದ್ದಾಗ ಗಡ್ಡೆಯೆಂದೇ ಎಣಿಸಲಾಗಿತ್ತು. 1852ರಲ್ಲಿ ಅವರು ತೀರಿಕೊಂಡ ಬಳಿಕ ಆ ಬೆನ್ನುಮೂಳೆಯನ್ನು ಪರೀಕ್ಷಿಸಿದ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಆಡಮ್ಸ್, ಅಲ್ಲಿ ಗಡ್ಡೆಯಿರಲಿಲ್ಲ, ತಿರುಚಿಕೊಂಡ ಕಶೇರುಗಳ ಪಕ್ಕದ ಚಾಚುಗಳೇ ಉಬ್ಬಿ ಕಾಣುತ್ತಿದ್ದವು ಎಂಬುದನ್ನು ಕಂಡುಕೊಂಡರು. ಬೆನ್ನ ನಡುವಿನ ಗೆರೆ ಹೊರನೋಟಕ್ಕೆ ಹೆಚ್ಚುಕಡಿಮೆ ನೇರವಾಗಿದ್ದರೂ ಒಳಗಿನ ಬಾಗು ತೀವ್ರವಾಗಿರಬಲ್ಲದು. ಆದ್ದರಿಂದಲೇ ಆಡಮ್ಸ್ ಹೆಸರಿನ ಪರೀಕ್ಷೆಯಲ್ಲಿ ಮಗುವನ್ನು ಕಾಲು ಜೋಡಿಸಿ, ಮಂಡಿ ಮಡಿಸದೆ, ಅಂಗೈಗಳನ್ನು ಕೂಡಿಸಿಕೊಂಡು ಮುಂದಕ್ಕೆ ಬಾಗುವಂತೆ ಹೇಳಿ ಹಿಂದಿನಿಂದ ನೋಡುತ್ತಾರೆ. ತಿರುಚಿದ ಕಶೇರುಗಳೊಡನೆ ಪಕ್ಕೆಲುಬುಗಳೂ ತಿರುಗಿರುವುದರಿಂದ ಒಂದು ಬದಿ ದಿಬ್ಬದಂತೆ ಮೇಲೇಳುತ್ತದೆ.

ಚಿಕಿತ್ಸೆಯ ತತ್ತ್ವಕ್ಕೆ ಇನ್ನೂ ಹಳೆಯ ಚಿತ್ರವೊಂದಿದೆ. ಪ್ಯಾರಿಸ್ಸಿನ ವೈದ್ಯ ನಿಕೊಲಾ ಆಂಡ್ರಿ 1741ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗೂಟಕ್ಕೆ ಹಗ್ಗದಿಂದ ಬಿಗಿದ ಸೊಟ್ಟ ಮರವನ್ನು ಚಿತ್ರಿಸಲಾಗಿದ್ದು, ಅದೇ ಮುಂದೆ ಮೂಳೆವೈದ್ಯದ ಲಾಂಛನವಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯ ಹುರುಳೂ ಇದೇ. ಹಗ್ಗಕ್ಕೆ ತಾನಾಗಿ ಮರವನ್ನು ನೆಟ್ಟಗಾಗಿಸುವ ಶಕ್ತಿಯಿಲ್ಲ; ಅದು ಕಾಂಡವನ್ನು ಒಂದು ದಿಕ್ಕಿನಲ್ಲಿ ಹಿಡಿದಿಟ್ಟಿರುತ್ತದೆ, ಹೊಸದಾಗಿ ಬಲಿಯುವ ಭಾಗ ಆ ದಿಕ್ಕನ್ನು ಅನುಸರಿಸುತ್ತದೆ. ಬಲಿತು ನಿಂತ ಮರಕ್ಕೆ ಎಷ್ಟು ಹಗ್ಗ ಸುತ್ತಿದರೂ ಫಲವಿಲ್ಲ. ಮೂಳೆಯಲ್ಲಿ ಇದು ನಡೆಯುವ ಬಗೆಯನ್ನು ಜರ್ಮನಿಯ ಹ್ಯೂಟರ್ ಮತ್ತು ಫೋಕ್‌ಮನ್ 1862ರಲ್ಲಿ ವಿವರಿಸಿದರು: ಒತ್ತಡ ಹೆಚ್ಚಿದ ಕಡೆ ಮೂಳೆಯ ಬೆಳವಣಿಗೆ ಕುಂಠಿತವಾಗುತ್ತದೆ, ಒತ್ತಡ ತಗ್ಗಿದ ಕಡೆ ಚುರುಕಾಗುತ್ತದೆ. ಹೀಗಾಗಿ ಬಾಗಿನ ಒಳಬದಿ ಕಡಿಮೆ ಬೆಳೆದು, ಕಶೇರು ಬೆಣೆಯಾಕಾರ ತಾಳಿ, ಬಾಗು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಬ್ರೇಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚವು ಉಬ್ಬಿದ ಬದಿಯನ್ನು ಮೆತ್ತೆಯಿಂದ ಒತ್ತಿ, ಎದುರು ಬದಿಯಲ್ಲಿ ಖಾಲಿ ಜಾಗ ಬಿಟ್ಟು, ಈ ಒತ್ತಡದ ಹಂಚಿಕೆಯನ್ನು ಬದಲಿಸುತ್ತದೆ. ಆದರೆ ಬೆನ್ನುಮೂಳೆ ತಿರುಚಿಯೂ ಇರುವುದರಿಂದ ಮರಕ್ಕೆ ಕಟ್ಟಿದಂತೆ ಒಂದೇ ಕಡೆಗೆ ಎಳೆದರೆ ಸಾಲದು. ಕವಚವನ್ನು ಮೂರು ಆಯಾಮಗಳಲ್ಲಿ ರೂಪಿಸಬೇಕಾಗುತ್ತದೆ.

ಬ್ರೇಸಿನ ಬಗೆಗಿದ್ದ ಸಂದೇಹವನ್ನು ಬಹುಮಟ್ಟಿಗೆ ನೀಗಿಸಿದ್ದು ಅಮೆರಿಕ ಮತ್ತು ಕೆನಡಾದ 25 ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ. 20ರಿಂದ 40 ಡಿಗ್ರಿ ಬಾಗಿದ್ದ, ಬೆಳವಣಿಗೆ ಬಾಕಿಯಿದ್ದ 242 ಮಕ್ಕಳ ಪೈಕಿ ಬ್ರೇಸ್ ತೊಟ್ಟವರಲ್ಲಿ ಶೇ 72ರಷ್ಟು ಮಂದಿ 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಬರಿಯ ನಿಗಾದಲ್ಲಿದ್ದವರಲ್ಲಿ ಈ ಪ್ರಮಾಣ ಶೇ 48. ಕವಚದೊಳಗಿನ ಉಷ್ಣತಾ ಸಂವೇದಕಗಳ ದಾಖಲೆಯಂತೆ, ದಿನಕ್ಕೆ ಸರಾಸರಿ 13 ಗಂಟೆಗಳಷ್ಟು ಅಥವಾ ಅದಕ್ಕೂ ಹೆಚ್ಚು ಹೊತ್ತು ತೊಟ್ಟವರಲ್ಲಿ ಯಶಸ್ಸು ಶೇ 90 ದಾಟಿತ್ತು. ಇಲ್ಲಿ ಯಶಸ್ಸೆಂದರೆ ಬೆನ್ನು ನೆಟ್ಟಗಾಗುವುದಲ್ಲ, ಬಾಗು ಶಸ್ತ್ರಕ್ರಿಯೆಯ ಹಂತಕ್ಕೆ ಏರದಿರುವುದು. ಏನನ್ನೂ ತೊಡದ ಸುಮಾರು ಅರ್ಧದಷ್ಟು ಮಕ್ಕಳೂ ಆ ಹಂತ ತಲುಪಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಬೆಳವಣಿಗೆಯಿಂದ ಬಾಗನ್ನು ಪೂರ್ತಿ ತಿದ್ದಲೂಬಹುದೆಂಬುದನ್ನು ಶಿಶುಗಳಲ್ಲಿ ತೋರಿಸಿದವರು ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ಮಿನ್ ಮೆಹ್ತಾ. ಸರಣಿಯಾಗಿ ಪ್ಲಾಸ್ಟರ್ ಕವಚಗಳನ್ನು ತೊಡಿಸಿ ಅವರು ಚಿಕಿತ್ಸೆ ನೀಡಿದ 136 ಮಕ್ಕಳ ವಿವರ 2005ರಲ್ಲಿ ಪ್ರಕಟವಾಯಿತು. ಸರಾಸರಿ 19 ತಿಂಗಳ ವಯಸ್ಸಿನಲ್ಲಿ ಬಂದ 94 ಮಕ್ಕಳ ಬಾಗು ನಿವಾರಣೆಯಾಯಿತು. ಸರಾಸರಿ 30 ತಿಂಗಳಲ್ಲಿ ಬಂದ 42 ಮಕ್ಕಳಲ್ಲಿ ಅದು ತಗ್ಗಿತೇ ಹೊರತು ಹೋಗಲಿಲ್ಲ.

ವ್ಯಾಯಾಮಕ್ಕೂ ಗೌರವಾನ್ವಿತ ಪರಂಪರೆಯಿದೆ. ಸ್ವತಃ ಸ್ಕೋಲಿಯೋಸಿಸ್ ಇದ್ದ ಜರ್ಮನಿಯ ಕ್ಯಾಥರಿನಾ ಶ್ರೋತ್ 1921ರಲ್ಲಿ ಮೈಸೆನ್ ನಗರದಲ್ಲಿ ಚಿಕಿತ್ಸಾಕೇಂದ್ರ ತೆರೆದು, ಕುಗ್ಗಿದ ಬದಿಗೆ ಉಸಿರು ತುಂಬಿಸಿ ಎದೆಗೂಡನ್ನು ಒಳಗಿನಿಂದ ಹಿಗ್ಗಿಸುವ ಕ್ರಮವನ್ನು ಕಲಿಸಿದರು. ಇದರಿಂದ ನಿಲುವು ಸುಧಾರಿಸುತ್ತದೆ, ಬ್ರೇಸ್ ತೊಟ್ಟವರ ಸ್ನಾಯುಬಲ ಉಳಿಯುತ್ತದೆ. ಆದರೆ ಬೆಳವಣಿಗೆ ಬಾಕಿಯಿರುವ ಮಧ್ಯಮ ಬಾಗಿಗೆ ಬ್ರೇಸಿನ ಬದಲು ವ್ಯಾಯಾಮವೊಂದೇ ಸಾಕೆನ್ನಲು ದೃಢವಾದ ಪುರಾವೆಯಿಲ್ಲ. ಹೀಗಿರುವಾಗ, ವಯಸ್ಕರ ಬೆನ್ನನ್ನೂ ಕೆಲವೇ ವಾರಗಳಲ್ಲಿ ನೆಟ್ಟಗಾಗಿಸುವುದಾಗಿ ಹೇಳುವ ಮಸಾಜು, ಬೆಲ್ಟುಗಳ ಜಾಹೀರಾತುಗಳನ್ನು ನಂಬುವಂತಿಲ್ಲ. ಅವು ಮುಂದಿಡುವ ಹಿಂದಿನ-ಮುಂದಿನ ಫೋಟೋಗಳಲ್ಲಿ ವ್ಯಕ್ತಿ ನಿಂತ ಭಂಗಿ ಬದಲಾಗಿರುವ ಸಾಧ್ಯತೆ ಇರುವುದರಿಂದ ಕಾಬ್ ಕೋನವನ್ನೇ ಕೇಳಬೇಕು. ಆ ಅಳತೆಯಲ್ಲಿಯೂ ಸುಮಾರು 5 ಡಿಗ್ರಿಯ ಹೆಚ್ಚುಕಡಿಮೆ ಸಹಜವಾದ್ದರಿಂದ, ಅದಕ್ಕಿಂತ ಸಣ್ಣ ಇಳಿಕೆಯನ್ನು ಗುಣವಾದದ್ದೆಂದು ಲೆಕ್ಕಕ್ಕೆ ಹಿಡಿಯಲಾಗದು.