ಬಾಗಿಲು ತೆರೆದಿದೆ, ಒಳಗೆ ಮರ್ಯಾದೆ ಇದೆಯೆ?

ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನ ಒಳಗೆ ಲಿನಕ್ಸ್ ಎಂಬ ತಂತ್ರಾಂಶದ ತಿರುಳು ಕೆಲಸ ಮಾಡುತ್ತಿರುತ್ತದೆ. ಇದನ್ನು 1991ರಲ್ಲಿ ಆರಂಭಿಸಿದವರು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್. ಅದರ ಆಕರ ಸಂಕೇತ, ಎಂದರೆ ಯಂತ್ರಕ್ಕೆ ಕೊಡುವ ಆದೇಶಗಳ ಮೂಲ ಬರಹ, ಗುಟ್ಟಿನದಲ್ಲ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದುಪಡಿ ಬರೆದು ಕಳಿಸಬಹುದು. ಇಂಥವೇ ಮುಕ್ತ ತಂತ್ರಾಂಶಗಳು. ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ; ಕೆಲಸವನ್ನು ತಿದ್ದುವವರು ನುರಿತ ಎಂಜಿನಿಯರುಗಳು.

ಆದರೆ ಬಾಗಿಲು ತೆರೆದಿದ್ದರೆ ಸಾಕೆ? ಒಳಗೆ ಹೋದವರನ್ನು ಹೇಗೆ ಮಾತನಾಡಿಸುತ್ತಾರೆ? 2017ರಲ್ಲಿ ಗಿಟ್‌ಹಬ್ ಸಂಸ್ಥೆ ನಡೆಸಿದ ಸಮೀಕ್ಷೆಗೆ ಉತ್ತರಿಸಿದವರಲ್ಲಿ ಶೇಕಡಾ 95 ಮಂದಿ ಗಂಡಸರು, ಶೇಕಡಾ 3 ಮಂದಿ ಮಾತ್ರ ಹೆಂಗಸರು. ತಮಗೇ ಕಹಿ ಅನುಭವ ಆಗಿದೆ ಎಂದವರು ಶೇಕಡಾ 18. ಬೇರೆಯವರಿಗೆ ಆದದ್ದನ್ನು ಕಂಡವರು ಅರ್ಧದಷ್ಟು.

ಲಿನಕ್ಸ್ ಬಳಗವೇ ಇದಕ್ಕೆ ಹೆಸರಾಗಿತ್ತು. ಸ್ವತಃ ಟೋರ್ವಾಲ್ಡ್ಸ್ ಅವರ ಇ-ಮೇಲ್‌ಗಳಲ್ಲಿ ಬೈಗುಳ ಧಾರಾಳವಾಗಿ ಇರುತ್ತಿತ್ತು. ಯುಎಸ್‌ಬಿ 3.0ಕ್ಕೆ ತಂತ್ರಾಂಶ ಬರೆದ ಸೇಜ್ ಶಾರ್ಪ್ 2013ರಲ್ಲಿ ಇದನ್ನು ಎಲ್ಲರೆದುರೇ ಆಕ್ಷೇಪಿಸಿದರು. ಫಲ ಕಾಣದೆ, ಆ ಕೆಲಸವನ್ನೇ ಬಿಟ್ಟುದಾಗಿ 2015ರಲ್ಲಿ ಪ್ರಕಟಿಸಿದರು. ಬೈಗುಳದಿಂದಲೇ ಗುಣಮಟ್ಟ ಉಳಿಯುತ್ತದೆ ಎಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಈ ವಾದ ನಿಲ್ಲುವಂಥದ್ದಲ್ಲ. ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ತಪ್ಪಿಗೆ ಕೆಂಪು ಗೆರೆ ಎಳೆಯುವುದು ಬೇರೆ, ಬರೆದವನನ್ನು ದಡ್ಡನೆಂದು ತರಗತಿಯೆದುರು ಕರೆಯುವುದು ಬೇರೆ.

ಅದೇ 2015ರಲ್ಲಿ ಲಿನಕ್ಸ್ ಬಳಗ ಒಂದು ಪುಟ್ಟ ನಿಯಮಾವಳಿ ತಂದಿತು. ಅದಕ್ಕಿಟ್ಟ ಹೆಸರು, ನಗಬೇಡಿ, ಘರ್ಷಣೆಯ ಸಂಹಿತೆ! ಯಾರಿಗಾದರೂ ಬೆದರಿಕೆ, ನಿಂದನೆ ಆದರೆ ಅದು ಒಪ್ಪತಕ್ಕದ್ದಲ್ಲ ಎಂದು ಅದು ಹೇಳುತ್ತಿತ್ತು. ದೂರು ಕೊಡಲು ವಿಳಾಸವೂ ಇತ್ತು. ಆದರೆ ಯಾವುದು ನಿಂದನೆ? ವಿವರವಿಲ್ಲ. ಚುನಾವಣೆ ಬಂದಾಗ ನಾವು ನೋಡುವ ನೀತಿ ಸಂಹಿತೆಯನ್ನೇ ನೆನಪಿಸಿಕೊಳ್ಳಿ. ಏನು ಮಾಡಬಾರದೆಂದು ಬಿಡಿಸಿ ಹೇಳಿರುವುದರಿಂದಲೇ ಅದರಡಿ ದೂರು ಕೊಡಲು ಬರುತ್ತದೆ.

2018ರ ಸೆಪ್ಟೆಂಬರ್‌ನಲ್ಲಿ ಟೋರ್ವಾಲ್ಡ್ಸ್ ಕ್ಷಮೆ ಕೇಳಿ, ಕೆಲಸವನ್ನು ಗ್ರೆಗ್ ಕ್ರೋಹಾ-ಹಾರ್ಟ್‌ಮನ್ ಅವರಿಗೆ ವಹಿಸಿ ಕೆಲವು ವಾರ ದೂರ ಸರಿದರು. ಆಗಲೇ ಹಳೆಯ ಸಂಹಿತೆಯ ಜಾಗಕ್ಕೆ ‘ಕಾಂಟ್ರಿಬ್ಯೂಟರ್ ಕವೆನೆಂಟ್’ ಬಂದಿತು. ಇದನ್ನು 2014ರಲ್ಲಿ ರಚಿಸಿದವರು ಕೋರಲೈನ್ ಅಡಾ ಎಮ್‌ಕಿ. ಲಿಂಗ, ಧರ್ಮ, ರಾಷ್ಟ್ರೀಯತೆ, ಅಂಗವೈಕಲ್ಯ ಮಾತ್ರವಲ್ಲ, ಓದು ಮತ್ತು ಅನುಭವದ ಮಟ್ಟದ ಕಾರಣಕ್ಕೂ ಯಾರನ್ನೂ ಹೀಗಳೆಯಬಾರದೆಂದು ಅದರಲ್ಲಿದೆ. ಹೊಸ ವಿದ್ಯಾರ್ಥಿಗೆ ಈ ಕೊನೆಯ ಮಾತೇ ದೊಡ್ಡ ಆಸರೆ. ಲಿನಕ್ಸ್ ಆಗ ಸ್ವೀಕರಿಸಿದ ಆವೃತ್ತಿಯಲ್ಲಿ ಇಲ್ಲದಿದ್ದ ಒಂದು ಪದ 2021ರ 2.1ನೇ ಆವೃತ್ತಿಯಲ್ಲಿ ಸೇರಿತು: ಜಾತಿ. ಅದರ ಅರ್ಥವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಪಟ್ಟಿ ಉದ್ದವಿದ್ದ ಮಾತ್ರಕ್ಕೆ ಸಂಹಿತೆ ಒಳ್ಳೆಯದೆನ್ನಲಾಗದು. ದೂರು ಯಾರ ಕೈಗೆ ಹೋಗುತ್ತದೆ? ಬಳಗದ ಹಿರಿಯರ ಮೇಲೆಯೇ ದೂರಿದ್ದರೆ ನೋಡುವವರು ಯಾರು? ಲಿನಕ್ಸ್ ಬಳಗ ಇದಕ್ಕೊಂದು ಸಮಿತಿ ಮಾಡಿ, ಭಾರತೀಯ ಮೂಲದ ವಕೀಲೆ ಮಿಶಿ ಚೌಧರಿ ಅವರನ್ನು ಮಧ್ಯಸ್ಥರನ್ನಾಗಿ ಹೆಸರಿಸಿತು. ಬಂದ ದೂರುಗಳೆಷ್ಟು, ಏನಾಯಿತು ಎಂಬ ವರದಿಗಳನ್ನೂ ಪ್ರಕಟಿಸತೊಡಗಿತು. ನಿಜವಾದ ಪರೀಕ್ಷೆ ಬಂದದ್ದು 2024ರಲ್ಲಿ. ಕಡತ ವ್ಯವಸ್ಥೆಯೊಂದರ ಮುಖ್ಯ ಲೇಖಕರೇ ಸಹೋದ್ಯೋಗಿಗೆ ಒರಟಾಗಿ ಬರೆದಿದ್ದರು. ಬಹಿರಂಗ ಕ್ಷಮೆಗೆ ಅವರು ಒಪ್ಪದಿದ್ದಾಗ 6.13ನೇ ಆವೃತ್ತಿ ಸಿದ್ಧವಾಗುವ ಅವಧಿಗೆ ಅವರ ತಿದ್ದುಪಡಿಗಳನ್ನು ತೆಗೆದುಕೊಳ್ಳಲಿಲ್ಲ. ಶಿಕ್ಷೆ ಹೆಚ್ಚಾಯಿತೆಂದವರೂ ಇದ್ದರು, ಕಡಿಮೆಯಾಯಿತೆಂದವರೂ ಇದ್ದರು. ಹೆಸರುಳ್ಳವರಿಗೂ ನಿಯಮ ತಾಗಿತು ಎಂಬುದಂತೂ ಎಲ್ಲರಿಗೂ ಕಾಣಿಸಿತು.

ಮಗಳೋ ಮಗನೋ ಇಂಥ ಬಳಗ ಸೇರುವೆನೆಂದರೆ ಹೆತ್ತವರೂ ಜೊತೆಗೆ ಕುಳಿತು ಅದರ ಸಂಹಿತೆಯನ್ನು ಓದಬಹುದು. ಸಿದ್ಧ ನಮೂನೆಯನ್ನು ನಕಲು ಮಾಡಿ, ದೂರು ಕೊಡುವ ವಿಳಾಸ ಬರೆಯಬೇಕಾದ ಸಾಲನ್ನು ತುಂಬದೆ ಬಿಟ್ಟ ಬಳಗಗಳೂ ಉಂಟು. ಮೊದಲು ನೋಡಬೇಕಾದದ್ದು ಆ ಸಾಲನ್ನೇ. ಆಮೇಲೆ ಹಳೆಯ ಚರ್ಚೆಗಳಿಗೆ ಹೋಗಿ. ಅವು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತವೆ. ಹೊಸಬರ ಮೊದಲ ತಿದ್ದುಪಡಿ ತಪ್ಪಾಗಿದ್ದಾಗ ಬಂದ ಉತ್ತರಗಳನ್ನು ಹತ್ತಾದರೂ ಹುಡುಕಿ ಓದಿ, ಆ ಹೊಸಬರು ಎರಡನೆಯ ತಿದ್ದುಪಡಿ ಕಳಿಸಿದರೋ ಇಲ್ಲವೋ ಎಂದು ನೋಡಿ.