ಒಂದೇ ಕಟ್ಟಡ, ಎರಡು ಬಗೆಯ ತಂಪು

ಹೊಸ ಕಟ್ಟಡದ ಉದ್ಘಾಟನೆಯ ದಿನ ಎಲ್ಲರ ಕಣ್ಣು ಗಾಜು, ಗ್ರಾನೈಟುಗಳ ಮೇಲೆ. ಅದು ವರ್ಷಕ್ಕೆ ಎಷ್ಟು ವಿದ್ಯುತ್ ತಿನ್ನುತ್ತದೆ, ಮೇ ತಿಂಗಳ ಮಧ್ಯಾಹ್ನ ಮೂರನೇ ಮಹಡಿಯಲ್ಲಿ ಕುಳಿತವರಿಗೆ ಸೆಕೆಯಾಗುತ್ತದೆಯೇ ಎಂದು ಕೇಳಿದರೆ ಅಂದು ಸಿಗುವುದು ಕಂಪ್ಯೂಟರಿನಲ್ಲಿ ಮಾಡಿದ ಅಂದಾಜು ಮಾತ್ರ. ಅಂದಾಜು ಎಷ್ಟು ತಪ್ಪಬಹುದು ಎಂಬುದನ್ನು ಬ್ರಿಟನ್ನಿನಲ್ಲಿ 1995ರಿಂದ 2002ರವರೆಗೆ ನಡೆದ ‘ಪ್ರೋಬ್’ ಅಧ್ಯಯನ ಸರಣಿ ತೋರಿಸಿಕೊಟ್ಟಿತು. ಜನ ಬಂದು ಕೆಲಸ ಶುರು ಮಾಡಿದ ಮೇಲೆ ಕಟ್ಟಡಗಳನ್ನು ಅಳೆದು ನೋಡಿದಾಗ, ಒಳ್ಳೆಯ ಹೆಸರು ಪಡೆದಿದ್ದ ಹಲವು ಕಟ್ಟಡಗಳೂ ವಿನ್ಯಾಸಕಾರರು ಹೇಳಿದ್ದಕ್ಕಿಂತ ಬಹಳ ಹೆಚ್ಚು ಶಕ್ತಿ ಬಳಸುತ್ತಿದ್ದವು. ಯಾರೂ ಇಲ್ಲದ ಹೊತ್ತಿನಲ್ಲಿ ಉರಿಯುವ ದೀಪ, ಯಾರಿಗೂ ಅರ್ಥವಾಗದ ನಿಯಂತ್ರಣ ಫಲಕ, ರಾತ್ರಿಯಿಡೀ ತಿರುಗುವ ಫ್ಯಾನು ಇವೆಲ್ಲ ನಕ್ಷೆಯಲ್ಲಿ ಕಾಣುವ ಸಂಗತಿಗಳಲ್ಲ.

ಹಾಗಾದರೆ ಒಂದು ಹೊಸ ತಂತ್ರ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಹೇಗೆ? ಎರಡು ಬೇರೆ ಕಟ್ಟಡಗಳ ಬಿಲ್ಲನ್ನು ಹೋಲಿಸಿ ಪ್ರಯೋಜನವಿಲ್ಲ. ಕಿಟಕಿ ಬೇರೆ, ದಿಕ್ಕು ಬೇರೆ, ಜನ ಬೇರೆ. ಈ ತೊಡಕಿಗೆ ಇನ್ಫೋಸಿಸ್ ಹೈದರಾಬಾದಿನ ಪೋಚಾರಂ ಆವರಣದಲ್ಲಿ ನೇರವಾದ ಪರಿಹಾರ ಕಂಡುಕೊಂಡಿತು. 2011ರಲ್ಲಿ ಬಳಕೆಗೆ ಬಂದ ಅಲ್ಲಿನ ದೊಡ್ಡ ಕಚೇರಿ ಕಟ್ಟಡವನ್ನು ನಡುವಿನಿಂದ ಎರಡು ಸಮಭಾಗವಾಗಿ ವಿಂಗಡಿಸಲಾಗಿತ್ತು. ಎರಡಕ್ಕೂ ಒಂದೇ ಬಗೆಯ ಗೋಡೆ, ಕಿಟಕಿ, ಬೆಳಕಿನ ವ್ಯವಸ್ಥೆ. ಒಂದೇ ಬಗೆಯ ಕೆಲಸ. ವ್ಯತ್ಯಾಸ ತಂಪು ಮಾಡುವ ವಿಧಾನದಲ್ಲಿ ಮಾತ್ರ. ಒಂದು ಭಾಗಕ್ಕೆ ಎಂದಿನಂತೆ ತಣ್ಣನೆಯ ಗಾಳಿ ಊದುವ ಎಸಿ. ಇನ್ನೊಂದರಲ್ಲಿ ಕಾಂಕ್ರೀಟ್ ಚಾವಣಿಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತದೆ. ಎರಡಕ್ಕೂ ಪ್ರತ್ಯೇಕ ಮೀಟರು.

ಚಾವಣಿ ತಣ್ಣಗಾದರೆ ಕೆಳಗೆ ಕುಳಿತವರಿಗೆ ಹೇಗೆ ತಂಪಾಗುತ್ತದೆ? ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ವ್ಯಕ್ತಿಯ ದೇಹ ಸುಮಾರು 100 ವ್ಯಾಟಿನಷ್ಟು ಶಾಖವನ್ನು ಹೊರಹಾಕುತ್ತಿರುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ಗಾಳಿಯ ಹಂಗಿಲ್ಲದೆ, ಕಣ್ಣಿಗೆ ಕಾಣದ ಅವಕೆಂಪು ವಿಕಿರಣವಾಗಿ ಸುತ್ತಲಿನ ಗೋಡೆ, ನೆಲ, ಚಾವಣಿಗಳತ್ತ ಹೋಗುತ್ತದೆ. ಆ ಮೇಲ್ಮೈಗಳು ತಣ್ಣಗಿದ್ದಷ್ಟೂ ಮೈ ಬೇಗ ಶಾಖ ಕಳೆದುಕೊಳ್ಳುತ್ತದೆ. ಸುಡುಬಿಸಿಲಿನಲ್ಲಿ ನಡೆದು ಬಂದು ಕಲ್ಲಿನ ದೇವಸ್ಥಾನದ ಒಳಗೆ ಕಾಲಿಟ್ಟಾಗ ಗಾಳಿ ಬೀಸದಿದ್ದರೂ ಹಾಯೆನಿಸುವುದರ ಹಿಂದೆ ಇದೇ ಭೌತವಿಜ್ಞಾನವಿದೆ.

ವಿದ್ಯುತ್ ಉಳಿಯುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಶಾಖ ಹೊರುವ ಕೆಲಸದಲ್ಲಿ ನೀರಿನ ಮುಂದೆ ಗಾಳಿ ತೀರಾ ದುರ್ಬಲ. ಒಂದು ಲೀಟರ್ ನೀರು ಹೊರುವಷ್ಟು ಶಾಖವನ್ನು ಸಾಗಿಸಲು ಹತ್ತಿರ ಹತ್ತಿರ 3,500 ಲೀಟರ್ ಗಾಳಿ ಬೇಕು. ಅಷ್ಟು ಗಾಳಿಯನ್ನು ತಳ್ಳುವ ಫ್ಯಾನಿಗಿಂತ ಸಣ್ಣ ಪಂಪು ಅಗ್ಗ. ಎರಡನೆಯದು, ಚಿಲ್ಲರ್ ಯಂತ್ರ ನೀರನ್ನು ಎಷ್ಟು ತಣ್ಣಗೆ ಮಾಡಬೇಕು ಎಂಬುದು. ಸಾಮಾನ್ಯ ಎಸಿ ವ್ಯವಸ್ಥೆಗೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನ ನೀರು ಬೇಕು. ಚಾವಣಿ ಇಡಿಯಾಗಿ ತಂಪುಗೊಳಿಸುವ ಫಲಕವೇ ಆಗಿಬಿಟ್ಟರೆ 14-15 ಡಿಗ್ರಿಯ ನೀರಿನಲ್ಲೂ ಕೆಲಸ ಸಾಗುತ್ತದೆ. ಅಷ್ಟರಮಟ್ಟಿಗೆ ಯಂತ್ರಕ್ಕೆ ದುಡಿಮೆ ಕಡಿಮೆ.

ಇನ್ಫೋಸಿಸ್‌ನ ಗುರುಪ್ರಕಾಶ್ ಶಾಸ್ತ್ರಿ ಮತ್ತು ಅಮೆರಿಕದ ಎಂಜಿನಿಯರ್ ಪೀಟರ್ ರಮ್ಸಿ ಈ ಹೋಲಿಕೆಯ ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಮೊದಲ ಎರಡು ವರ್ಷಗಳಲ್ಲಿ ತಣ್ಣೀರ ಚಾವಣಿಯ ಭಾಗ ತಂಪಿಗಾಗಿ ಬಳಸಿದ ವಿದ್ಯುತ್ ಇನ್ನೊಂದು ಭಾಗಕ್ಕಿಂತ ಶೇ 34ರಷ್ಟು ಕಡಿಮೆ. ಗಾಳಿ ಊದುವ ಭಾಗದಲ್ಲಿ ಇದ್ದದ್ದು ಹಳೆಯ, ಕೆಟ್ಟ ವ್ಯವಸ್ಥೆಯಲ್ಲ; ಅದನ್ನೂ ಒಳ್ಳೆಯ ದಕ್ಷತೆಗಾಗಿಯೇ ರೂಪಿಸಲಾಗಿತ್ತು. ಹಾಗಾಗಿ ಈ ಅಂಕಿಗೆ ತೂಕವಿದೆ. ಒಳಗೆ ಕೆಲಸ ಮಾಡುವವರನ್ನು ಕೇಳಿದಾಗಲೂ ತಣ್ಣೀರ ಚಾವಣಿಯ ಕಡೆಯವರಲ್ಲೇ ಹೆಚ್ಚು ತೃಪ್ತಿ ಕಂಡುಬಂತು. ಅಳವಡಿಸುವ ಖರ್ಚೂ ಹೆಚ್ಚಾಗಲಿಲ್ಲ.

ಹಾಗೆಂದು ಇದು ಎಲ್ಲೆಡೆ ಕಣ್ಣುಮುಚ್ಚಿ ನಡೆಸುವ ಉಪಾಯವಲ್ಲ. ತಣ್ಣನೆಯ ಚಾವಣಿಯ ಶತ್ರು ತೇವ. ಒಳಗಿನ ಗಾಳಿ 24 ಡಿಗ್ರಿ, ಶೇ 50ರಷ್ಟು ತೇವಾಂಶದಲ್ಲಿದ್ದರೆ ಅದರ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಹನಿಯಾಗತೊಡಗುವ ಉಷ್ಣತೆ, ಸುಮಾರು 13 ಡಿಗ್ರಿ. ಚಾವಣಿಯ ಮೈ 20 ಡಿಗ್ರಿ ಇದ್ದರೆ ಏನೂ ತೊಂದರೆಯಿಲ್ಲ. ಆದರೆ ಮಳೆಗಾಲದ ಮಂಗಳೂರಿನಲ್ಲಿ, 27 ಡಿಗ್ರಿಯ ಗಾಳಿಯಲ್ಲಿ ಶೇ 90ರಷ್ಟು ತೇವವಿರುವಾಗ ಯಾರಾದರೂ ಕಿಟಕಿ ತೆರೆದಿಟ್ಟರೆ? ಆ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿ. ಚಾವಣಿಯಿಂದ ಮೇಜಿನ ಮೇಲೆ ನೀರು ತೊಟ್ಟಿಕ್ಕತೊಡಗುತ್ತದೆ. ಅದಕ್ಕೇ ಇಂಥ ಕಟ್ಟಡಗಳಲ್ಲಿ ಉಸಿರಾಟಕ್ಕೆ ಬೇಕಾದ ಹೊಸ ಗಾಳಿಯನ್ನು ಮೊದಲು ಒಣಗಿಸಿ ಒಳಬಿಡುವ ಪ್ರತ್ಯೇಕ ಯಂತ್ರ ಇರಲೇಬೇಕು.

ಅಳೆದು ನೋಡುವ ಈ ಅಭ್ಯಾಸವನ್ನು ವಾಸ್ತುಶಿಲ್ಪಿಗಳೂ ಬೆಳೆಸಿಕೊಳ್ಳುತ್ತಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾದ ಕೀರನ್‌ಟಿಂಬರ್‌ಲೇಕ್ ಸಂಸ್ಥೆ 1948ರ ಹಳೆಯ ಬಿಯರ್ ಬಾಟ್ಲಿಂಗ್ ಘಟಕವೊಂದನ್ನು ತನ್ನ ಕಚೇರಿಯಾಗಿ ಮಾರ್ಪಡಿಸಿಕೊಂಡಿತು. ನೂರಾರು ಸಂವೇದಕಗಳನ್ನು ಅಳವಡಿಸಿ, ಎಸಿಯ ಬಳಕೆ ಆದಷ್ಟು ತಗ್ಗಿಸಿ, ಬೇಸಿಗೆಯಲ್ಲಿ ತನ್ನದೇ ಸಿಬ್ಬಂದಿಗೆ ಎಷ್ಟು ಹಿತವೆನಿಸುತ್ತದೆ ಎಂದು ಪದೇ ಪದೇ ಪ್ರಶ್ನಿಸಿ ದಾಖಲಿಸಿತು. ಉಷ್ಣಮಾಪಕ ಹೇಳುವುದಕ್ಕೂ ಮೈಗೆ ಅನಿಸುವುದಕ್ಕೂ ಅಂತರವಿರುವುದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲೇಬೇಕಾಗುತ್ತದೆ.

ನಮ್ಮಲ್ಲಿ ಫ್ರಿಜ್ ಕೊಳ್ಳುವಾಗ ಸ್ಟಾರ್ ಎಣಿಸುತ್ತೇವೆ. ಕಚೇರಿ ಕಟ್ಟಡಗಳಿಗೂ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2009ರಿಂದ ಸ್ಟಾರ್ ಕೊಡುತ್ತಿದೆ. ಅದು ನಕ್ಷೆ ನೋಡಿ ಕೊಡುವ ಸ್ಟಾರ್ ಅಲ್ಲ. ಒಂದು ವರ್ಷ ನಿಜವಾಗಿ ಖರ್ಚಾದ ಯೂನಿಟ್ಟುಗಳನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿ ಕೊಡುವಂಥದ್ದು. ಪ್ರಾಥಮಿಕ ಶಾಲೆಯ ಭಾಗಾಕಾರ ಸಾಕು. ಕಚೇರಿ ಬಾಡಿಗೆಗೆ ಹಿಡಿಯುವವರು ಚದರಡಿಗೆ ಎಷ್ಟು ರೂಪಾಯಿ ಎಂದು ಕೇಳುವಾಗಲೇ ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದೂ ಕೇಳತೊಡಗಿದರೆ, ಮೀಟರು ನೋಡದೆ ‘ಹಸಿರು ಕಟ್ಟಡ’ ಎಂದು ಫಲಕ ಹಾಕಿಕೊಳ್ಳುವುದು ಕಷ್ಟವಾಗುತ್ತದೆ.