ಸುಳ್ಯದಿಂದ ಇಂಗ್ಲಿಷ್ ಸಾಹಿತ್ಯಕ್ಕೆ ಎಷ್ಟು ದಾರಿ?

ಸುಳ್ಯ ಪೇಟೆಯ ನಡುವೆ ಹಾದುಹೋಗುವ ಮಾಣಿ-ಮೈಸೂರು ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಪುತ್ತೂರು ದಾಟಿ ಮಂಗಳೂರು ಸಿಗುತ್ತದೆ. ಪೂರ್ವಕ್ಕೆ ಹೊರಟರೆ ಸಂಪಾಜೆಯ ಘಾಟಿ ಹತ್ತಿ ಮಡಿಕೇರಿ, ಅಲ್ಲಿಂದ ಮುಂದೆ ಮೈಸೂರು. ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿಕೊಂಡರೆ ಮುಳ್ಳೇರಿಯ ಮಾರ್ಗವಾಗಿ ಕಾಸರಗೋಡು. ಮೂರು ದಿಕ್ಕಿಗೂ ಬಸ್ಸುಗಳಿವೆ, ಮೂರು ದಿಕ್ಕಿನಲ್ಲೂ ಒಂದೊಂದು ವಿಶ್ವವಿದ್ಯಾನಿಲಯವಿದೆ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಬೇಕೆಂದು ಹೊರಡುವ ಸುಳ್ಯದ ಹುಡುಗಿಯೊಬ್ಬಳಿಗೆ ಯಾವ ಬಸ್ಸು ಹತ್ತಬೇಕೆಂಬ ಪ್ರಶ್ನೆ ಏಳುವುದು ಇಲ್ಲಿಯೇ.

ಮನೆಯವರು ಸಾಮಾನ್ಯವಾಗಿ ಕಿಲೋಮೀಟರಿನ ಲೆಕ್ಕದಲ್ಲಿ ಉತ್ತರ ಹೇಳುತ್ತಾರೆ. ಪರಿಚಯದ ಮೇಷ್ಟ್ರು ತಾವು ಓದಿದ ವಿಶ್ವವಿದ್ಯಾನಿಲಯದ ಹೆಸರು ಹೇಳುತ್ತಾರೆ. ಇಂಗ್ಲಿಷ್ ಸಾಹಿತ್ಯವೆಂದರೆ ಎಲ್ಲಿ ಓದಿದರೂ ಒಂದೇ, ಶೇಕ್ಸ್‌ಪಿಯರ್ ಎಲ್ಲಿ ಓದಿದರೂ ಶೇಕ್ಸ್‌ಪಿಯರೇ ಎಂಬ ನಂಬಿಕೆ ಈ ಎರಡೂ ಉತ್ತರಗಳ ಹಿಂದಿದೆ. ವಿಷಯ ಹಾಗಿಲ್ಲ. ಒಂದೊಂದು ವಿಶ್ವವಿದ್ಯಾನಿಲಯ ಆ ಹೆಸರಿನಲ್ಲಿ ಒಂದೊಂದು ಬಗೆಯ ಇಂಗ್ಲಿಷನ್ನು ಕಲಿಸುತ್ತದೆ. ಹೀಗೇಕೆ ಆಯಿತೆಂದು ತಿಳಿಯಲು ಸ್ವಲ್ಪ ಚರಿತ್ರೆ ನೋಡಬೇಕು.

ಅದಕ್ಕೂ ಮೊದಲು ಬಿ.ಎ. ವಿಚಾರ. ಪದವಿ ತರಗತಿಯ ಮಟ್ಟಿಗೆ ನಮ್ಮ ಭಾಗದ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯದ ಆಯ್ಕೆ ಎಂಬುದು ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಕಾಲೇಜನ್ನು ಆರಿಸಿಕೊಳ್ಳಬಹುದು. ವಿಶ್ವವಿದ್ಯಾನಿಲಯವನ್ನು ಆರಿಸುವುದು ಭೂಗೋಳ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳನ್ನು ತೆರೆದಾಗ ಆಗಿನ ಸರಕಾರ ಲಂಡನ್ ವಿಶ್ವವಿದ್ಯಾನಿಲಯವನ್ನು ಮಾದರಿಯಾಗಿ ಇಟ್ಟುಕೊಂಡಿತು. ಪಾಠ ಹೇಳುವುದು ಕಾಲೇಜಿನ ಕೆಲಸ, ಪಠ್ಯ ಗೊತ್ತುಮಾಡಿ ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯದ ಕೆಲಸ. ಈ ಸಂಯೋಜನಾ ಪದ್ಧತಿ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿದ್ದಾಗ ಇಲ್ಲಿನ ಕಾಲೇಜುಗಳಿಗೆ ಪ್ರಶ್ನೆಪತ್ರಿಕೆ ಬರುತ್ತಿದ್ದುದು ಮದರಾಸಿನಿಂದ. ರಾಜ್ಯ ಪುನರ್ವಿಂಗಡಣೆಯ ನಂತರದ ವರ್ಷಗಳಲ್ಲಿ ಜಿಲ್ಲೆ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಅದರ ವ್ಯಾಪ್ತಿಗೆ ಬಂತು.

ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು 1958ರಲ್ಲಿ, ವಿವೇಕಾನಂದ ಕಾಲೇಜು 1965ರಲ್ಲಿ ಆರಂಭವಾದವು. ಸುಳ್ಯದವರು ಪದವಿ ಓದಲು ಪುತ್ತೂರಿಗೋ ಮಂಗಳೂರಿಗೋ ಹೋಗಬೇಕಾಗಿದ್ದ ಸ್ಥಿತಿಯನ್ನು ತಪ್ಪಿಸಿದ್ದು ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ಕಟ್ಟಿದ ನೆಹರೂ ಮೆಮೋರಿಯಲ್ ಕಾಲೇಜು. ಪುತ್ತೂರಿನ ಈ ಎರಡು ಕಾಲೇಜುಗಳೂ ಈಗ ಸ್ವಾಯತ್ತ ಕಾಲೇಜುಗಳು. ಅಂದರೆ ಪಠ್ಯವನ್ನು ಅವೇ ರೂಪಿಸಿಕೊಳ್ಳಬಹುದು, ಪರೀಕ್ಷೆಯನ್ನು ಅವೇ ನಡೆಸಬಹುದು. ಪದವಿ ಪತ್ರದ ಮೇಲೆ ಮಾತ್ರ ವಿಶ್ವವಿದ್ಯಾನಿಲಯದ ಮುದ್ರೆ. ಆದುದರಿಂದ ಬಿ.ಎ. ಸೇರುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಆ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಇದೆಯೇ ಎಂಬುದು. ಎಲ್ಲರೂ ಓದಲೇಬೇಕಾದ ಭಾಷಾ ಇಂಗ್ಲಿಷ್ ಬೇರೆ, ಇತಿಹಾಸ-ಅರ್ಥಶಾಸ್ತ್ರಗಳ ಹಾಗೆ ಒಂದು ವಿಷಯವಾಗಿ ಓದುವ ಐಚ್ಛಿಕ ಇಂಗ್ಲಿಷ್ ಬೇರೆ. ಮೊದಲನೆಯದನ್ನು ಮಾತ್ರ ಓದಿದವರಿಗೆ ಎಂ.ಎ. ಪ್ರವೇಶದಲ್ಲಿ ಕೆಲವು ಕಡೆ ಅಡ್ಡಿ ಬರುತ್ತದೆ. ಬಿ.ಕಾಂ., ಬಿ.ಸಿ.ಎ.ಗಳ ಮುಂದೆ ಬಿ.ಎ. ಬಡವಾಗಿರುವ ಈ ಕಾಲದಲ್ಲಿ ಐಚ್ಛಿಕ ಇಂಗ್ಲಿಷ್ ತರಗತಿ ತುಂಬುವುದೇ ಕಷ್ಟ. ಪ್ರಾಸ್ಪೆಕ್ಟಸ್ಸಿನಲ್ಲಿ ಅಚ್ಚಾದ ಮಾತ್ರಕ್ಕೆ ಆ ವರ್ಷ ತರಗತಿ ನಡೆಯುತ್ತದೆಂದು ತಿಳಿಯಬಾರದು, ವಿಚಾರಿಸಿಕೊಳ್ಳಬೇಕು. ನಾಲ್ಕು ವರ್ಷದ ಪದವಿಯ ಗೊಂದಲವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬಹುದು. 2021ರಲ್ಲಿ ಬಂದ ಆ ಪದ್ಧತಿಯನ್ನು ರಾಜ್ಯ ಸರಕಾರ 2024ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು.

ನಿಜವಾದ ಆಯ್ಕೆ ಎದುರಾಗುವುದು ಎಂ.ಎ. ಹಂತದಲ್ಲಿ. ಇಲ್ಲಿಂದಲೇ ಚರಿತ್ರೆಯ ಕಥೆಯೂ ಶುರು.

ಇಂಗ್ಲಿಷ್ ಸಾಹಿತ್ಯವೆಂಬ ಪಾಠವಿಷಯ ಇಂಗ್ಲೆಂಡಿನಲ್ಲಿ ಬೆಳೆದು ಹಡಗು ಹತ್ತಿ ನಮ್ಮಲ್ಲಿಗೆ ಬಂತೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೆ ನೋಡಿದರೆ ನಡೆದದ್ದು ಬಹುಮಟ್ಟಿಗೆ ತಿರುಗುಮುರುಗು. ಮೆಕಾಲೆಯ ಟಿಪ್ಪಣಿ 1835ರದು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ವಿಭಾಗ ನೆಲೆಯಾದದ್ದು 1890ರ ದಶಕದಲ್ಲಿ, ಕೇಂಬ್ರಿಜ್ಜಿನಲ್ಲಿ ಅದಕ್ಕೆ ಪೂರ್ಣ ಪದವಿ ಪರೀಕ್ಷೆ ಬಂದದ್ದು 1917ರಲ್ಲಿ. ಅಲ್ಲಿಯವರೆಗೆ ಆ ಹಳೆಯ ವಿದ್ಯಾಪೀಠಗಳಲ್ಲಿ ಮಾನ್ಯತೆ ಇದ್ದುದು ಗ್ರೀಕ್, ಲ್ಯಾಟಿನ್‌ಗಳಿಗೆ. ಮಿಲ್ಟನ್, ಶೇಕ್ಸ್‌ಪಿಯರರನ್ನು ಅದಕ್ಕೂ ಎಷ್ಟೋ ಮುಂಚೆ ಭಾರತದ ಹುಡುಗರು ಪರೀಕ್ಷೆಗಾಗಿ ಉರುಹೊಡೆಯುತ್ತಿದ್ದರು. ಆಳುವವರ ನೀತಿ, ನಂಬಿಕೆಗಳನ್ನು ಧರ್ಮಬೋಧೆಯ ಹೆಸರಿಲ್ಲದೆ ತಲುಪಿಸಲು ಸಾಹಿತ್ಯ ಒಂದು ಸಾಧನವಾಯಿತೆಂದು ಗೌರಿ ವಿಶ್ವನಾಥನ್ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದಾರೆ. ಈ ವಾದವನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಆದರೆ ಇಂದು ಇಂಗ್ಲಿಷ್ ವಿಭಾಗಗಳ ಪಠ್ಯದಲ್ಲೇ ಈ ಚರ್ಚೆ ಒಂದು ಪಾಠವಾಗಿದೆ, ಅದೂ ಒಂದು ಸ್ವಾರಸ್ಯವೇ.

ಮೈಸೂರಿನ ದಾರಿ ಹಿಡಿಯುವವರು ತಿಳಿದಿರಬೇಕಾದ ಕಥೆ ಬೇರೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ಬ್ರಿಟಿಷರ ನೇರ ಆಡಳಿತದ ಹೊರಗೆ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ‘ಇಂಗ್ಲಿಷ್ ಗೀತಗಳು’ ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತು. ಅದೇ ಊರಿನಲ್ಲಿ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ, 1922ರಲ್ಲಿ ಒಂದು ಇಂಗ್ಲಿಷ್ ಸಂಕಲನವನ್ನೇ ಹೊರತಂದಿದ್ದ ಹುಡುಗ ಪುಟ್ಟಪ್ಪನವರಿಗೆ, ಕನ್ನಡದಲ್ಲಿ ಬರೆಯಬಾರದೇಕೆ ಎಂದು 1924ರಲ್ಲಿ ಕೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಕುವೆಂಪು ಮುಂದೆ ಕನ್ನಡ ಎಂ.ಎ. ಓದಿದರು, ಅದೇ ವಿಶ್ವವಿದ್ಯಾನಿಲಯಕ್ಕೆ ಕುಲಪತಿಯೂ ಆದರು.

ಆನಂತರದ ತಲೆಮಾರಿನಲ್ಲಿ ಮೈಸೂರಿನ ಇಂಗ್ಲಿಷ್ ವಿಭಾಗವೆಂದರೆ ಸಿ.ಡಿ. ನರಸಿಂಹಯ್ಯ ಎಂಬಂತಾಯಿತು. ಕೇಂಬ್ರಿಜ್ಜಿನಲ್ಲಿ ಎಫ್.ಆರ್. ಲೀವಿಸರ ಶಿಷ್ಯರಾಗಿದ್ದ ಅವರು, ಕೃತಿಯನ್ನು ಸಾಲುಸಾಲಾಗಿ ಎದುರಿಟ್ಟುಕೊಂಡು ಓದುವ ಶಿಸ್ತನ್ನು ಅಲ್ಲಿಂದ ತಂದರು. ಭಾರತೀಯರು ಇಂಗ್ಲಿಷಿನಲ್ಲಿ ಬರೆದ ಸಾಹಿತ್ಯ, ಕಾಮನ್‌ವೆಲ್ತ್ ದೇಶಗಳ ಸಾಹಿತ್ಯಗಳನ್ನು ತರಗತಿಯೊಳಕ್ಕೆ ತಂದವರಲ್ಲಿ ಅವರು ಅಗ್ರಗಣ್ಯರು. ಎ.ಕೆ. ರಾಮಾನುಜನ್ ಇಂಗ್ಲಿಷ್ ಎಂ.ಎ. ಮಾಡಿದ್ದು ಮೈಸೂರಿನಲ್ಲಿ. ಯು.ಆರ್. ಅನಂತಮೂರ್ತಿಯವರದೂ ಅಲ್ಲಿಯ ಇಂಗ್ಲಿಷ್ ಎಂ.ಎ.ಯೇ, ಮುಂದೆ ಅಲ್ಲಿಯೇ ಅಧ್ಯಾಪಕರಾದರು. ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಕಾದಂಬರಿಗಳ ಮೇಲೆ ಸಂಶೋಧನೆ ನಡೆಸುತ್ತಿದ್ದಾಗ ಅನಂತಮೂರ್ತಿ ಕನ್ನಡದಲ್ಲಿ ಬರೆದದ್ದು ‘ಸಂಸ್ಕಾರ’. ಅದನ್ನು 1976ರಲ್ಲಿ ಇಂಗ್ಲಿಷಿನಲ್ಲಿ ಹೊರತಂದವರು ರಾಮಾನುಜನ್. ಒಂದೇ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಓದಿದ ಇಬ್ಬರು ಕನ್ನಡವನ್ನು ಲೋಕಕ್ಕೆ ಮುಟ್ಟಿಸಿದರು. ಹಳೆಯ ಹೆಸರಿನ ಮೇಲೆ ಇಂದಿನ ವಿಭಾಗವನ್ನು ಅಳೆಯಬಾರದು ನಿಜ. ಆದರೆ ಆ ಪರಂಪರೆ ಪಠ್ಯಕ್ರಮದಲ್ಲಿ ಈಗ ಎಷ್ಟು ಉಳಿದಿದೆಯೆಂದು ಕೇಳುವ ಹಕ್ಕು ವಿದ್ಯಾರ್ಥಿಗೆ ಇದೆ.

ಮಂಗಳೂರಿನ ದಾರಿ ನಮ್ಮವರಿಗೆ ಹೆಚ್ಚು ಪರಿಚಿತ. ಕೊಣಾಜೆಯ ಗುಡ್ಡದ ಮೇಲೆ 1968ರಲ್ಲಿ ಮೈಸೂರಿನವರ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾದದ್ದೇ ಇಂದಿನ ಮಂಗಳಗಂಗೋತ್ರಿ. ಇಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಸಿ.ಎನ್. ರಾಮಚಂದ್ರನ್ ಕನ್ನಡದ ದೊಡ್ಡ ವಿಮರ್ಶಕರಲ್ಲಿ ಒಬ್ಬರು. 2013ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು, ಮಲೆ ಮಾದೇಶ್ವರ ಮಹಾಕಾವ್ಯವನ್ನು ಎಲ್.ಎನ್. ಭಟ್ಟರೊಡನೆ ಇಂಗ್ಲಿಷಿಗೆ ತಂದರು. ಜನಪದ ಕಾವ್ಯವೂ ಇಂಗ್ಲಿಷ್ ಪ್ರಾಧ್ಯಾಪಕರ ಕೆಲಸದ ಮೇಜಿನ ಮೇಲೆ ಬರಬಹುದೆಂಬುದಕ್ಕೆ ಇದೊಂದು ನಿದರ್ಶನ. ಪಾಡ್ದನ, ಯಕ್ಷಗಾನಗಳ ನಾಡಿನಿಂದ ಬರುವ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾದುದರಿಂದ ಒಂದೇ ನಗರದಲ್ಲಿ ಎರಡು ಬೇರೆ ಬೇರೆ ಪದವಿ ಪತ್ರಗಳು ಸಿಗುವಂತಾಗಿದೆ. ಮಡಿಕೇರಿಯ ಕಡೆ ನೋಡುವವರಿಗೆ ಒಂದು ಎಚ್ಚರಿಕೆ. 2023ರಲ್ಲಿ ಕಾರ್ಯಾರಂಭ ಮಾಡಿದ ಕೊಡಗು ವಿಶ್ವವಿದ್ಯಾನಿಲಯವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಸಲಹೆ 2025ರಲ್ಲಿ ಸಂಪುಟ ಉಪಸಮಿತಿಯ ಮುಂದೆ ಬಂದಿತ್ತು. ಅಲ್ಲಿ ಅರ್ಜಿ ಹಾಕುವ ಮೊದಲು ಸದ್ಯದ ಸ್ಥಿತಿ ತಿಳಿದುಕೊಳ್ಳುವುದು ಒಳಿತು.

ಮೂರನೆಯದು ಜಾಲ್ಸೂರಿನ ತಿರುವು. ಈ ದಾರಿ ನಮ್ಮವರ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ, ಏಕೆಂದರೆ ನಡುವೆ ರಾಜ್ಯದ ಗಡಿ ಇದೆ. ಹಿಂದಿನವರಿಗೆ ಈ ಗಡಿ ಇರಲಿಲ್ಲ. ಸುಬ್ರಹ್ಮಣ್ಯದ ಸಮೀಪದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯ, ಅಂದರೆ ನಮ್ಮ ನಿರಂಜನ, ಸುಳ್ಯದಲ್ಲಿ ಓದಿ ಹೈಸ್ಕೂಲಿಗೆ ಹೋದದ್ದು ನೀಲೇಶ್ವರಕ್ಕೆ. ಆಗ ಎರಡೂ ಊರು ಒಂದೇ ಜಿಲ್ಲೆಯವು. ಕಯ್ಯೂರಿನ ರೈತರ ಹೋರಾಟ ‘ಚಿರಸ್ಮರಣೆ’ಯಾಗಿ ಕನ್ನಡಕ್ಕೆ ದಕ್ಕಿದ್ದರ ಹಿಂದೆ ಆ ಓದಿನ ನಂಟೂ ಇದೆ. 1956ರ ನಂತರ ಆ ದಾರಿ ನಮಗೆ ಪರರಾಜ್ಯದ ದಾರಿಯಾಯಿತು.

ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ 2009ರಲ್ಲಿ ಸ್ಥಾಪಿತವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ ಆ ಹಳೆಯ ದಾರಿಯನ್ನು ಒಂದು ರೀತಿಯಲ್ಲಿ ಮತ್ತೆ ತೆರೆದಿದೆ. ಅಲ್ಲಿನ ವಿಭಾಗದ ಹೆಸರೇ ‘ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ’. ತೌಲನಿಕ ಸಾಹಿತ್ಯವೆಂದರೆ ಒಂದು ಭಾಷೆಯ ಕೃತಿಯನ್ನು ಇನ್ನೊಂದು ಭಾಷೆಯ ಕೃತಿಯೊಡನೆ ಇಟ್ಟು ಓದುವ ಶಾಸ್ತ್ರ. ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗ ಮೊದಲು ತೆರೆದದ್ದು 1956ರಲ್ಲಿ, ಕಲ್ಕತ್ತೆಯ ಜಾದವಪುರದಲ್ಲಿ. ಮನೆಯಲ್ಲಿ ಅರೆಭಾಷೆ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮಲಯಾಳ ಆಡುವ ಸುಳ್ಯದ ವಿದ್ಯಾರ್ಥಿಗೆ ಇಂಗ್ಲಿಷ್ ಐದನೆಯ ಭಾಷೆ. ಕೇವಲ ಇಂಗ್ಲಿಷ್ ಪಠ್ಯದ ಮುಂದೆ ಆಕೆ ಹಿಂದುಳಿದವಳಂತೆ ಕಾಣಬಹುದು. ತೌಲನಿಕ ಪಠ್ಯದ ಮುಂದೆ ಅದೇ ನಾಲ್ಕು ಭಾಷೆ ಆಕೆಯ ಬಂಡವಾಳ. ನನಗೆ ಈ ಲೇಖನದ ಮುಖ್ಯ ಮಾತು ಇದೇ ಅನ್ನಿಸುತ್ತದೆ.

ದೂರ ಹೋಗಬಲ್ಲವರಿಗೆ ಹೈದರಾಬಾದ್ ಇದೆ. 1958ರಲ್ಲಿ ಇಂಗ್ಲಿಷ್ ಅಧ್ಯಾಪಕರ ತರಬೇತಿಗೆಂದು ಹುಟ್ಟಿದ ಸಂಸ್ಥೆ 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಭಾಷಾಶಾಸ್ತ್ರ, ಉಚ್ಚಾರ, ಬೋಧನಾ ಕ್ರಮ ಅಲ್ಲಿನ ಬಲ. ಶಿಕ್ಷಕ ವೃತ್ತಿಯೇ ಗುರಿಯಾದವರು ಇದನ್ನು ಯೋಚಿಸಬಹುದು. ಮನೆ ಬಿಡಲಾಗದವರಿಗೆ ದೂರಶಿಕ್ಷಣ ಉಂಟು. ಆದರೆ ಅಲ್ಲಿ ಮಾನ್ಯತೆಯ ಪ್ರಶ್ನೆಯನ್ನು ಮೊದಲು ನೋಡಬೇಕು. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಯು.ಜಿ.ಸಿ. ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ದೊರೆಯುವವರೆಗೆ ಸಾವಿರಾರು ಮಂದಿ ಪದವಿಯ ಬೆಲೆ ಏನೆಂದು ತಿಳಿಯದೆ ಕುಳಿತಿದ್ದರು. ಈಗ ಆ ತೊಡಕು ಕಳೆದಿದೆ.

ಇನ್ನು ಹಣದ ಮಾತು. ಈ ಭಾಗದ ಮನೆಗಳಲ್ಲಿ ಮಕ್ಕಳ ಓದಿನ ಹಣ ಬರುವುದು ಅಡಿಕೆಯಿಂದ. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗ ತೋಟಗಳನ್ನು ಬೋಳಿಸಿದೆ, ಮೇಲಿಂದ ಎಲೆಚುಕ್ಕಿ ರೋಗ. ಎರಡು ವರ್ಷದ ಹಾಸ್ಟೆಲು ಖರ್ಚು ಅಂಥ ಮನೆಗೆ ಹಗುರದ್ದಲ್ಲ. ಹಾಗೆಂದು ಬರಿಯ ಶುಲ್ಕ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಅಧ್ಯಾಪಕ ಹುದ್ದೆಗೆ ಬೇಕಾದ ಎನ್.ಇ.ಟಿ. ಅಥವಾ ಕೆ-ಸೆಟ್ ಬರೆಯಲು ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55 ಅಂಕ ಬೇಕು. ಆ ಪರೀಕ್ಷೆ ಸಾಹಿತ್ಯ ಚರಿತ್ರೆಯ ಜತೆಗೆ ಭಾಷಾಶಾಸ್ತ್ರ, ಸಾಹಿತ್ಯ ಸಿದ್ಧಾಂತ, ಸಂಸ್ಕೃತಿ ಅಧ್ಯಯನಗಳನ್ನೂ ಕೇಳುತ್ತದೆ. ಇವು ಇಲ್ಲದ ಪಠ್ಯವನ್ನು ಓದಿದವರು ಹೊರಗೆ ಬಂದು ಮತ್ತೊಮ್ಮೆ ಕಲಿಯಬೇಕಾಗುತ್ತದೆ.

ಪಠ್ಯಕ್ರಮ ಈಗ ಗುಟ್ಟಿನ ವಸ್ತುವಲ್ಲ, ವಿಶ್ವವಿದ್ಯಾನಿಲಯಗಳೇ ಪ್ರಕಟಿಸುತ್ತವೆ. ಅದರಲ್ಲಿ ಕಡ್ಡಾಯ ಪತ್ರಿಕೆಗಳಿಗಿಂತ ಐಚ್ಛಿಕ ಪತ್ರಿಕೆಗಳ ಪಟ್ಟಿ ನೋಡಿದರೆ ವಿಭಾಗದ ಒಲವು ತಿಳಿಯುತ್ತದೆ. ಭಾಷಾಂತರಕ್ಕೊಂದು ಪತ್ರಿಕೆ ಇದೆಯೇ, ಕನ್ನಡ ಅಥವಾ ಬೇರೆ ಭಾರತೀಯ ಭಾಷೆಯ ಕೃತಿಗಳಿವೆಯೇ, ಕೊನೆಯ ವರ್ಷ ಸ್ವಂತ ಪ್ರಬಂಧ ಬರೆಸುತ್ತಾರೆಯೇ? ಹಳೆಯ ಎರಡು-ಮೂರು ಪ್ರಶ್ನೆಪತ್ರಿಕೆ ತಂದು ನೋಡಿದರೆ ಇನ್ನೂ ಒಳ್ಳೆಯದು. ಪ್ರಶ್ನೆ ವರ್ಷವರ್ಷವೂ ಮರುಕಳಿಸುತ್ತಿದ್ದರೆ ಅಲ್ಲಿ ಗೈಡ್ ಪುಸ್ತಕ ಸಾಕು, ವಿಶ್ವವಿದ್ಯಾನಿಲಯ ಬೇಡ. ಪಟ್ಟಿಯಲ್ಲಿರುವ ಅಧ್ಯಾಪಕರಲ್ಲಿ ಕಾಯಂ ಎಷ್ಟು, ಅತಿಥಿಗಳು ಎಷ್ಟು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅತಿಥಿ ಉಪನ್ಯಾಸಕರಲ್ಲಿ ಒಳ್ಳೆಯ ಪಾಠ ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಮುಂದಿನ ವರ್ಷ ಅವರು ಅಲ್ಲಿಯೇ ಇರುತ್ತಾರೆಂಬ ಭರವಸೆ ಅವರಿಗೇ ಇಲ್ಲ. (ನೆರೆಯ ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನೇ ಬಿಟ್ಟವರು ಎಂದು ನೆನಪಿಸುವ ಹಿರಿಯರು ಸಿಕ್ಕೇ ಸಿಗುತ್ತಾರೆ. ಕಾರಂತರ ಉದಾಹರಣೆ ಕಾರಂತರಿಗೇ ಸರಿ.)

ಕೊನೆಗೆ ಕಾಲದ ಲೆಕ್ಕ. ನಮ್ಮಲ್ಲಿ ಹೆಚ್ಚಿನವರು ಪದವಿಯ ಫಲಿತಾಂಶ ಬಂದ ಮೇಲೆ ವಿಚಾರಣೆ ಆರಂಭಿಸುತ್ತಾರೆ. ರಾಜ್ಯದ ವಿಶ್ವವಿದ್ಯಾನಿಲಯಗಳಿಗೆ ಅದು ಸಾಕು. ಪೆರಿಯ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಎಂ.ಎ.ಗೆ 2022ರಿಂದ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ. 2024 ಮತ್ತು 2025ರಲ್ಲಿ ಅದರ ಅರ್ಜಿ ಡಿಸೆಂಬರ್ ಕೊನೆ, ಜನವರಿಯ ಹೊತ್ತಿಗೇ ಹೊರಟು ಪರೀಕ್ಷೆ ಮಾರ್ಚಿನಲ್ಲಿ ಶುರುವಾಗಿತ್ತು. ಅಂತಿಮ ವರ್ಷದವರೂ ಬರೆಯಬಹುದು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಆ ದಿನಗಳು ದಾಟಿಹೋದರೆ, ಜೂನಿನಲ್ಲಿ ಜಾಲ್ಸೂರಿನ ತಿರುವಿಗೆ ಬಂದು ನಿಂತರೂ ಆ ವರ್ಷಕ್ಕೆ ಪ್ರಯೋಜನವಿಲ್ಲ.